ಹಳದಿ ಎಲೆಗೆ ಯೂರಿಯಾ ಒಂದೇ ಮದ್ದಲ್ಲ

ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂತಹ ಬಯಲೂರಿರಲಿ, ಮಲೆಯ ಮೇಲಿನ ಹಳ್ಳಿಯಿರಲಿ, ಹಿತ್ತಲ ನಿಂಬೆಗಿಡದ ಎಲೆ ಹಳದಿಗೆ ತಿರುಗಿತೆಂದರೆ ಬುಡಕ್ಕೊಂದು ಹಿಡಿ ಯೂರಿಯಾ ಎರಚುವುದು ರೂಢಿಯಾಗಿಬಿಟ್ಟಿದೆ. ಈ ರೂಢಿ ನಿಲ್ಲಬೇಕು. ಹಳದಿಯು ಲಕ್ಷಣವೇ ಹೊರತು ರೋಗವಲ್ಲ.

ಯಾವ ಎಲೆ ಹಳದಿಯಾಗಿದೆಯೆಂಬುದನ್ನು ಮೊದಲು ಗಮನಿಸಬೇಕು. ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ಬಿಳಿಚಿಕೊಂಡರೆ ಸಾರಜನಕದ ಕೊರತೆ. ಅದಕ್ಕೆ ಕೊಟ್ಟಿಗೆ ಗೊಬ್ಬರವೇ ಸಾಕು. ಹಳೆಯ ಎಲೆಯ ತೊಟ್ಟಿನ ಬಳಿ ತ್ರಿಕೋನದಷ್ಟು ಹಸಿರುಳಿದು ಸುತ್ತಲೂ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಮಳೆಗೆ ತೊಳೆದ ಮಲೆಯ ಹುಳಿಮಣ್ಣಿನಲ್ಲಿ ಮೆಗ್ನೀಷಿಯಂ ಉಳಿಯದು. ಕ್ಷಾರ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದು. ನೀರು ನಿಂತ ಬುಡದಲ್ಲಂತೂ ಬೇರು ಉಸಿರುಕಟ್ಟಿ, ಗೊಬ್ಬರವಿದ್ದೂ ಗಿಡ ಹಸಿದಿರುತ್ತದೆ. ಅಲ್ಲಿ ಬಸಿಗಾಲುವೆಯೇ ಮೊದಲ ಚಿಕಿತ್ಸೆ.

ಇಂತಹ ಕಡೆಗಳಲ್ಲಿ ಸುರಿದ ಯೂರಿಯಾ ಗಿಡಕ್ಕೆ ಉಪಕರಿಸದೆ ಹುಳಿಮಣ್ಣನ್ನು ಇನ್ನಷ್ಟು ಹುಳಿಯಾಗಿಸುತ್ತದೆ. ನೈಟ್ರೇಟಾಗಿ ಬಾವಿಯ ನೀರಿಗೂ ಇಳಿಯುತ್ತದೆ. ಊರು ಕುಡಿಯುವುದು ಅದೇ ನೀರನ್ನು.

ಮಣ್ಣು ಪರೀಕ್ಷೆಯೇ ಸರಿಯಾದ ದಾರಿ. ಮಂಡ್ಯ ಜಿಲ್ಲೆಯವರು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಆದರೆ 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆ ಗೊತ್ತುಪಡಿಸಿದ 12 ಅಂಶಗಳಲ್ಲಿ ಕಬ್ಬಿಣವಿದೆ, ಮೆಗ್ನೀಷಿಯಂ ಇಲ್ಲ. ಬಯಲಿಗೆ ಹೊಂದುವ ಪಟ್ಟಿ ಮಲೆಗೆ ಸಾಲದು. ಮಲೆಸೀಮೆಯ ಮಟ್ಟಿಗಾದರೂ ಆ 13ನೆಯ ಅಂಶ ಸೇರಬೇಕೆಂದು ಗ್ರಾಮಸಭೆಗಳು ನಿರ್ಣಯ ಕೈಗೊಳ್ಳಲಿ. ಅಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮ ಹಿತ್ತಲಿನ ಎಲೆಗಳನ್ನು ಓದಿ, ಮನೆಯ ಹಿರಿಯರಿಗೆ ತಿಳಿಸಲಿ.