ಹೊರೆಯಿಲ್ಲದೆ ಬೆಟ್ಟಕ್ಕೆ

ಹೆಣ್ಣುಮಕ್ಕಳಿಗೆ ಬೆಟ್ಟ ಹತ್ತುವ ತಾಕತ್ತಿದೆಯೇ ಎಂದು ಕೇಳುವವರು ಒಮ್ಮೆ ಶಿರಸಿ, ಸಿದ್ದಾಪುರದ ಕಡೆಯ ಸೊಪ್ಪಿನ ಬೆಟ್ಟಗಳಿಗೆ ಹೋಗಿ ಬರಬೇಕು. ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ಬೇಕಾದ ಸೊಪ್ಪು ಸವರಿ, ಹೊರೆ ಕಟ್ಟಿ, ತಲೆಗೆ ಸಿಂಬೆ ಇಟ್ಟು ಇಳಿದು ಬರುವ ಹೆಂಗಸರನ್ನು ಅಲ್ಲಿ ನೋಡಬಹುದು. ಹೊರೆ ಜಾರಬಾರದೆಂದು ಕುತ್ತಿಗೆ ನೆಟ್ಟಗಿರುತ್ತದೆ. ಕಣ್ಣಿಗೆ ಕಾಲಬುಡದ ನೆಲ ಕಾಣುವುದಿಲ್ಲ, ಕಲ್ಲು ಯಾವುದು ಬೇರು ಯಾವುದು ಎಂದು ಪಾದವೇ ತಡಕಿ ತಿಳಿಯಬೇಕು. ಗಢವಾಲದ ಕಡಿದಾದ ಇಳಿಜಾರುಗಳಲ್ಲಿ ಹುಲ್ಲು ಕೊಯ್ಯುವವರೂ ಹೆಂಗಸರೇ. 1974ರಲ್ಲಿ ಅಲ್ಲಿನ ರೇಣಿ ಹಳ್ಳಿಯ ಗೌರಾದೇವಿ ಮತ್ತು ಜೊತೆಗಾರ್ತಿಯರು ಮರ ಕಡಿಯಲು ಬಂದವರನ್ನು ತಡೆದು ನಿಲ್ಲಿಸಿದ್ದು ತಾವು ದಿನನಿತ್ಯ ಹತ್ತಿಳಿಯುತ್ತಿದ್ದ ಕಾಡಿನಲ್ಲೇ.

ಹಾಗಾಗಿ ತಾಕತ್ತಿನ ಪ್ರಶ್ನೆ ಯಾವತ್ತೋ ಮುಗಿದಿದೆ. ಇನ್ನೂ ಮುಗಿಯದೆ ಉಳಿದಿರುವುದು, ಹೆಣ್ಣೊಬ್ಬಳು ಸುಮ್ಮನೆ ಬೆಟ್ಟ ಹತ್ತಬಹುದೇ ಎಂಬ ಪ್ರಶ್ನೆ. ಸೊಪ್ಪಿಗೂ ಅಲ್ಲ, ಸೌದೆಗೂ ಅಲ್ಲ, ಮೇಲೆ ಗಾಳಿ ಚೆನ್ನಾಗಿರುತ್ತದೆ ಅಂತ. ಹರಕೆಗಾದರೆ ಯಾರ ತಕರಾರೂ ಇಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಒಂದೊಂದಾಗಿ ಅರಿಶಿನ ಕುಂಕುಮ ಹಚ್ಚುತ್ತಾ, ಬಗ್ಗಿದ ಸೊಂಟ ಎತ್ತದೆ ಮೇಲೇರುವ ಹೆಂಗಸರನ್ನು ಕಂಡು, ಅಯ್ಯೋ ಇದು ಹೆಣ್ಣು ಮೈಗೆ ಆಗುವ ಕೆಲಸವೇ ಎಂದವರುಂಟೇ? ಅದೇ ಮನೆಯ ಮಗಳು ಶನಿವಾರ ರಾತ್ರಿಯ ಬಸ್ಸಿಗೆ ಕುದುರೆಮುಖಕ್ಕೆ ಹೊರಟರೆ ಮಾತ್ರ ಜೊತೆಗೆ ಯಾರು, ಎಷ್ಟು ಹೊತ್ತಿಗೆ ವಾಪಸ್ಸು, ಅಲ್ಲಿ ಅಂಥದ್ದೇನಿದೆ ಎಂದು ವಿಚಾರಣೆ ಶುರುವಾಗುತ್ತದೆ. ಕೊನೆಯ ಪ್ರಶ್ನೆಗೆ ಅವಳಲ್ಲಿ ಉತ್ತರವಿಲ್ಲ. ತಮ್ಮನನ್ನು ಕೇಳಿದರೆ ಅವನಲ್ಲೂ ಇರುವುದಿಲ್ಲ, ಆದರೆ ಅವನನ್ನು ಯಾರೂ ಕೇಳುವುದಿಲ್ಲ.

ಇದು ನಮ್ಮೂರಿನ ರೋಗ ಮಾತ್ರವಲ್ಲ. ಬೊಲಿವಿಯಾದ ಐಮಾರಾ ಹೆಂಗಸರು 6,088 ಮೀಟರ್ ಎತ್ತರದ ಹುಯ್ನಾ ಪೊಟೊಸಿ ಪರ್ವತದಲ್ಲಿ ವರ್ಷಗಟ್ಟಲೆ ಪ್ರವಾಸಿಗಳಿಗೆ ಅಡುಗೆ ಮಾಡಿದವರು. ಗಂಡಂದಿರು ಗೈಡುಗಳು. ಪಾತ್ರೆ ಪಡಗ, ದಿನಸಿ ಹೊತ್ತು ಮೇಲಿನ ಶಿಬಿರದವರೆಗೆ ಇವರೂ ಹತ್ತುತ್ತಿದ್ದರು. ಅಲ್ಲಿಂದಾಚೆಗೆ ಅಡುಗೆಯ ಕೆಲಸವಿಲ್ಲ, ಆದ್ದರಿಂದ ಹೋಗುವ ಕಾರಣವೂ ಇಲ್ಲ. 2015ರಲ್ಲಿ ಅವರಲ್ಲಿ ಕೆಲವರು ತಮ್ಮ ನೆರಿಗೆಯ ಲಂಗದಲ್ಲೇ ಹಿಮದ ಬೂಟು ಕಟ್ಟಿ, ತುದಿಯಲ್ಲಿ ಅಂಥದ್ದೇನಿದೆ ನೋಡೋಣ ಎಂದು ಹೊರಟರು. 2019ರಲ್ಲಿ ಇವರ ತಂಡ ದಕ್ಷಿಣ ಅಮೆರಿಕದ ಅತಿ ಎತ್ತರದ ಪರ್ವತ ಅಕೊಂಕಾಗುವಾವನ್ನೂ ಮುಟ್ಟಿತು. ಶ್ವಾಸಕೋಶ ಹೊಸದಾಗಿ ಬಂದದ್ದಲ್ಲ, ಹೊಸದೆಂದರೆ ಶಿಬಿರದಲ್ಲಿ ಒಲೆ ಆರಿಸಿ ಎದ್ದದ್ದು.

ಜಪಾನಿನ ಜುಂಕೊ ತಾಬೆಯಿ 1969ರಲ್ಲಿ ಹೆಂಗಸರದ್ದೇ ಆರೋಹಣ ಕ್ಲಬ್ ಕಟ್ಟಿದರು. ಎವರೆಸ್ಟಿಗೆ ಹಣ ಕೇಳಲು ಹೋದಲ್ಲೆಲ್ಲ, ಮನೆಯಲ್ಲಿದ್ದು ಮಕ್ಕಳನ್ನು ಸಾಕಿ ಎಂಬ ಬುದ್ಧಿಮಾತು ಸಿಕ್ಕಿತು. ಹಳೆಯ ಕಾರು ಸೀಟಿನ ಹೊದಿಕೆಯಿಂದ ಕೈಗವಸು ಹೊಲಿದುಕೊಂಡ ಆ ತಂಡದಿಂದ ಅವರು 1975ರ ಮೇ 16ರಂದು ಎವರೆಸ್ಟಿನ ಮೇಲೆ ನಿಂತ ಮೊದಲ ಮಹಿಳೆಯಾದರು. ಹೆಂಗಸರದ್ದೇ ಗುಂಪು ಏಕೆ ಬೇಕು, ಎಲ್ಲರೊಟ್ಟಿಗೆ ಹೋಗಬಾರದೇ ಎಂದು ಈಗಲೂ ಕೇಳುವವರಿದ್ದಾರೆ. 1857ರಲ್ಲಿ ಹುಟ್ಟಿದ ಲಂಡನ್ನಿನ ಆಲ್ಪೈನ್ ಕ್ಲಬ್ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು 1970ರ ದಶಕದವರೆಗೆ ಸಮಯ ತೆಗೆದುಕೊಂಡಿತು. ಅಷ್ಟು ಹೊತ್ತು ಬಾಗಿಲಲ್ಲಿ ಕಾಯುವ ವ್ಯವಧಾನ ಎಲ್ಲರಿಗೂ ಇರಬೇಕಾಗಿಲ್ಲ.

ಸುರಕ್ಷತೆಯ ಮಾತನ್ನು ಮಾತ್ರ ತಳ್ಳಿಹಾಕುವ ಹಾಗಿಲ್ಲ. ತಾಯಿಯ ಭಯ ಸುಳ್ಳು ಭಯವಲ್ಲ. ಆದರೆ ಆ ಭಯ ಯಾವುದರದ್ದು ಎಂದು ಕೇಳಿಕೊಂಡರೆ ಉತ್ತರ ಉಂಬಳವೂ ಅಲ್ಲ, ಜಾರುಬಂಡೆಯೂ ಅಲ್ಲ, ದಾರಿಯಲ್ಲಿ ಎದುರಾಗುವ ಗಂಡಸರು. ಹಾಗಿದ್ದಮೇಲೆ ಹುಡುಗಿಯರನ್ನು ಮನೆಯಲ್ಲಿ ಉಳಿಸಿಕೊಂಡರೆ ಬೆಟ್ಟ ಪೂರ್ತಿ ಆ ಗಂಡಸರದ್ದೇ ಆಗುತ್ತದೆ, ಉಳಿದ ಒಬ್ಬಿಬ್ಬರಿಗೆ ಅಪಾಯ ಹೆಚ್ಚುತ್ತದೆ. ಹತ್ತು ಹೆಂಗಸರು ನಡೆಯುವ ದಾರಿ ಹನ್ನೊಂದನೆಯವಳಿಗೆ ಸಲೀಸು.

ದೊಡ್ಡ ಭಯದ ಮರೆಯಲ್ಲಿ ಸಣ್ಣ ಸಂಗತಿಗಳು ಕಾಣದೆ ಹೋಗುತ್ತವೆ. ಕುದುರೆಮುಖದ ದಾರಿಯನ್ನೇ ನೋಡಿ. ಮುಳ್ಳೋಡಿ ಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಬಟ್ಟ ಬಯಲಿನಂಥ ಹುಲ್ಲುಗುಡ್ಡ, ಮರೆಗೆ ಒಂದು ಪೊದೆಯೂ ಸಿಗದ ಜಾಗಗಳು. ಹುಡುಗರು ದಾರಿ ಬದಿಗೆ ತಿರುಗಿ ನಿಂತು ಕೆಲಸ ಮುಗಿಸುತ್ತಾರೆ. ಹುಡುಗಿಯರು ಹಿಂದಿನ ರಾತ್ರಿ ಬಸ್ಸಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿರುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ತಲೆ ಸುತ್ತಿ ಕೂತವಳನ್ನು ನೋಡಿ, ಸ್ಟಾಮಿನಾ ಇಲ್ಲ ಎಂದು ಗುಂಪು ತೀರ್ಪು ಕೊಡುತ್ತದೆ. ಬಾಟಲಿ ತುಂಬಿದಂತೆಯೇ ಇರುವುದನ್ನು ಯಾರೂ ಗಮನಿಸುವುದಿಲ್ಲ. ಮುಟ್ಟಿನ ದಿನವಾದರಂತೂ ಪಾಡು ಹೇಳತೀರದು, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಟ್ಟು ಸಂಜೆವರೆಗೆ ಹೊರಬೇಕು. ಗಂಟೆಗೊಮ್ಮೆ ಲೀಡರು, ಹುಡುಗರೆಲ್ಲ ಮುಂದಿನ ತಿರುವಿನಲ್ಲಿ ಕಾಯಿರಿ ಎಂದರೆ ಅರ್ಧ ತೊಂದರೆ ಅಲ್ಲೇ ತೀರಿತು. ಹಾಗೆ ಹೇಳಬೇಕೆಂದು ಹೊಳೆಯಲು ಲೀಡರುಗಳಲ್ಲಿ ಒಬ್ಬಳಾದರೂ ಹೆಂಗಸಿರಬೇಕು.

ಕೆಲವೆಡೆ ತಡೆ ಸರ್ಕಾರಿ ಕಾಗದದಲ್ಲೇ ಇತ್ತು. ಕೇರಳದ ಅಗಸ್ತ್ಯಕೂಡ ಬೆಟ್ಟದ ತುದಿಗೆ ಹೆಂಗಸರು ಹೋಗಲು 2018ರಲ್ಲಿ ಹೈಕೋರ್ಟು ಹೇಳಬೇಕಾಯಿತು, ಆ ಆದೇಶದ ನಂತರದ ಮೊದಲ ಮಹಿಳೆ ಮರುವರ್ಷದ ಜನವರಿಯಲ್ಲಿ ಹತ್ತಿದರು. ಹೆಂಗಸರು ತುದಿಗೆ ಬರಬಾರದೆಂಬ ಅಲ್ಲಿನ ಕಾಣಿ ಬುಡಕಟ್ಟಿನವರ ನಂಬಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಚಾರಣಕ್ಕೆ ಪಾಸ್ ಕೊಡುವುದು ಅರಣ್ಯ ಇಲಾಖೆ, ಅದಕ್ಕೆ ಹೆಣ್ಣು ಗಂಡೆಂಬ ಭೇದ ಸಲ್ಲದು.

ಇದೆಲ್ಲ ಬೆಂಗಳೂರಿನ ಸಂಬಳದ ಹುಡುಗಿಯರ ಶೋಕಿಯಲ್ಲವೇ, ಸೊಪ್ಪು ಹೊರುವವಳಿಗೆ ಚಾರಣ ಯಾಕೆ ಬೇಕು ಎಂದರೆ ಒಪ್ಪಲೇಬೇಕಾದ ಮಾತು ಅದರಲ್ಲಿದೆ. ಬಿಡುವು ಎಂಬುದು ಈ ದೇಶದಲ್ಲಿ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಆದರೆ ದಾರಿ ಇಲ್ಲವೇ ಇಲ್ಲ ಎಂದಲ್ಲ. 2014ರಲ್ಲಿ 13ನೇ ವಯಸ್ಸಿಗೆ ಎವರೆಸ್ಟ್ ಹತ್ತಿದ ಮಾಲಾವತ್ ಪೂರ್ಣಾ ತೆಲಂಗಾಣದ ಕೃಷಿ ಕೂಲಿಕಾರರ ಮಗಳು, ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿ. ಮೊದಲ ಪಾಠವಾದದ್ದು ಭುವನಗಿರಿಯ ಬಂಡೆಯ ಮೇಲೆ. 1984ರಲ್ಲಿ ಎವರೆಸ್ಟ್ ಮುಟ್ಟಿದ ಬಚೇಂದ್ರಿ ಪಾಲ್‌ಗೆ ಬೆಟ್ಟದ ರುಚಿ ಹತ್ತಿದ್ದು 12ರ ವಯಸ್ಸಿನಲ್ಲಿ, ಶಾಲೆಯ ಪಿಕ್ನಿಕ್‌ನಲ್ಲಿ. ಇಬ್ಬರ ಕಥೆಯಲ್ಲೂ ಬೆಟ್ಟ ತೋರಿಸಿದ್ದು ಶಾಲೆ. ಮಲೆನಾಡಿನಲ್ಲಿ ಹಿತ್ತಲಿಗೇ ಗುಡ್ಡ ಅಂಟಿಕೊಂಡ ಹೈಸ್ಕೂಲುಗಳು ಎಷ್ಟೋ ಇವೆ. ಅಲ್ಲಿನ ಹೆಣ್ಣುಮಕ್ಕಳಿಗೆ ಆ ಗುಡ್ಡ ಗೊತ್ತಿರುವುದು ಅಮ್ಮನ ಜೊತೆ ದರಕು ಬಾಚಲು ಹೋದ ಜಾಗವಾಗಿ. ಶನಿವಾರ ಬೆಳಗಿನ ಶಾಲೆ ಬಿಟ್ಟಮೇಲೆ ಅವರನ್ನು ಕೈಬೀಸಿಕೊಂಡು ಮೇಲಕ್ಕೆ ಕರೆದೊಯ್ಯಲು ಬಸ್ಸು ಬೇಡ, ಅನುದಾನವೂ ಬೇಡ. ಹೆಡ್‌ಮಾಸ್ತರರು ಒಪ್ಪಬೇಕು, ಜೊತೆಗೊಬ್ಬರು ಟೀಚರು ಹೊರಡಬೇಕು, ಆ ದಿನ ಮಧ್ಯಾಹ್ನದ ಪಾತ್ರೆ ತೊಳೆಯಲು ಮಗಳೇ ಬೇಕೆಂದು ಮನೆಯವರು ಹಟ ಹಿಡಿಯಬಾರದು.