ಮಾತಿಗೆ ಬೀಗ ಬಿದ್ದಾಗ ಕಲಾವಿದನ ಧರ್ಮ

ಭಗವಂತನು ಮಾನವನಿಗೆ ಕರುಣಿಸಿದ ವರಗಳಲ್ಲಿ ಮಾತು ಅತ್ಯಮೂಲ್ಯವಾದುದು. ಹಸಿವು, ನಿದ್ರೆ, ಭಯಗಳು ಪಶುಪಕ್ಷಿಗಳಿಗೂ ಉಂಟು. ಕಂಡ ಸತ್ಯವನ್ನು ನುಡಿದು ಮತ್ತೊಬ್ಬರಿಗೆ ತಿಳಿಸುವ ಶಕ್ತಿ ಇರುವುದು ಮನುಷ್ಯನಿಗೆ ಮಾತ್ರ. ಆದ್ದರಿಂದ ಮಾತನ್ನು ಕಸಿದುಕೊಂಡರೆ ಮನುಷ್ಯತ್ವವನ್ನೇ ಕಸಿದುಕೊಂಡಂತೆ.

ಪತ್ರಿಕೆಗಳಿಗೆ ಸಂಕಟ ಬಂದರೆ ಕಲಾವಿದರಿಗೇನು ಎಂದು ಕೇಳುವವರಿದ್ದಾರೆ. ನಮ್ಮ ಸಂವಿಧಾನದ 19ನೆಯ ವಿಧಿಯು ವಾಕ್ ಸ್ವಾತಂತ್ರ್ಯವನ್ನು ಸಮಸ್ತ ನಾಗರಿಕರಿಗೂ ಕೊಟ್ಟಿದೆ. ಪತ್ರಿಕೆ ಎಂಬ ಶಬ್ದವೇ ಅಲ್ಲಿಲ್ಲ. ವಿಚಾರಗಳ ಪ್ರಸಾರವೂ ಈ ಸ್ವಾತಂತ್ರ್ಯದಲ್ಲಿ ಅಡಗಿದೆಯೆಂದು 1950ರಲ್ಲಿ ರೊಮೇಶ್ ಥಾಪರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸಾರಿತು. ಸಂಪಾದಕನ ಲೇಖನಿ, ಗಾಯಕನ ಕಂಠ, ನಟಿಯ ಅಭಿನಯ, ಸಾಮಾನ್ಯನ ನಾಲಿಗೆ ಇವೆಲ್ಲ ಒಂದೇ ಮರದ ಕೊಂಬೆಗಳು. ಬುಡಕ್ಕೇ ಕೊಡಲಿ ಬಿದ್ದರೆ ಯಾವ ಕೊಂಬೆ ತಾನೇ ಉಳಿದೀತು?

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ದೆಹಲಿಯಲ್ಲಿ ಪತ್ರಿಕಾಲಯಗಳ ವಿದ್ಯುತ್ ನಿಂತಿತು. ಅಚ್ಚಿಗೆ ಮೊದಲೇ ಸುದ್ದಿಯನ್ನು ಅಧಿಕಾರಿಗಳಿಗೆ ತೋರಿಸಬೇಕೆಂಬ ಕಟ್ಟಳೆ ಬಂದಿತು. ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಬರಿದಾಗಿ ಬಿಟ್ಟು ಪ್ರತಿಭಟಿಸಿತು. ಬಹುಮಂದಿ ಬಾಯಿ ಮುಚ್ಚಿದ ಆ ಕಾಲದಲ್ಲಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪದ ಕಿಶೋರ್ ಕುಮಾರರ ಹಾಡುಗಳು 1976ರ ಮೇ ತಿಂಗಳಿನಿಂದ ಆಕಾಶವಾಣಿಯಲ್ಲಿ ಕೇಳಿಸದಾದವು.

ಇವರೆಲ್ಲರಿಗಿಂತ ಹೆಚ್ಚಿನ ಬೆಲೆ ತೆತ್ತವರು ಸ್ನೇಹಲತಾ ರೆಡ್ಡಿಯವರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರ ಮನದಲ್ಲಿ ನಿಂತ ಈ ತಾಯಿ ತುರ್ತು ಪರಿಸ್ಥಿತಿಯನ್ನು ಎದುರಿಸಿ ನಿಂತರು. 1976ರ ಮೇ ತಿಂಗಳಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಸಂಬಂಧದಲ್ಲಿ ಬಂಧಿತರಾದರು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಬೆಂಗಳೂರು ಸೆರೆಮನೆಯಲ್ಲಿಯೇ ಇರಿಸಲಾಯಿತು. ತೀವ್ರ ಆಸ್ತಮಾ ರೋಗಿಯಾಗಿದ್ದರೂ ಜೊತೆಯ ಮಹಿಳಾ ಕೈದಿಗಳ ಹಿತಕ್ಕಾಗಿ ಒಳಗೂ ಹೋರಾಡಿದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು 20ರಂದು ಕೊನೆಯುಸಿರೆಳೆದರು. ಚುನಾವಣೆಯ ಘೋಷಣೆಯಾಗಿ ಆಗ ಎರಡೇ ದಿನ ಕಳೆದಿತ್ತು. ಬೆಳಕು ಬರುವ ಹೊತ್ತಿಗೆ ದೀಪ ಆರಿತ್ತು.

ಸ್ವಾತಂತ್ರ್ಯವೆಂದರೆ ಸ್ವೇಚ್ಛಾಚಾರವಲ್ಲ, ನಿಜ. ಸುಳ್ಳು ನುಡಿ, ಪರರ ಮಾನಹರಣ, ದ್ವೇಷದ ಮಾತು ಇವುಗಳಿಗೆ ಕಾನೂನಿನ ಅಂಕುಶವಿದೆ. ಆದರೆ ಆಡಿದ ಮಾತಿಗೆ ನ್ಯಾಯಾಲಯದಲ್ಲಿ ಉತ್ತರ ಕೇಳುವುದು ಬೇರೆ, ಆಡುವ ಮುನ್ನವೇ ಬಾಯಿ ಹೊಲಿಯುವುದು ಬೇರೆ.

ಈ ಮಾತು ಆಳುವವರಿಗೆ ಮಾತ್ರ ಸಲ್ಲತಕ್ಕದ್ದಲ್ಲ. 1970ರ ಆ ‘ಸಂಸ್ಕಾರ’ ಚಿತ್ರಕ್ಕೂ ಸೆನ್ಸಾರ್ ಮೊದಲು ಅಡ್ಡಿಪಡಿಸಿತ್ತು. ಧಾರ್ಮಿಕರ ಮನಸ್ಸಿಗೆ ನೋವಾದೀತೆಂಬುದೇ ಅಳುಕು. ಮುಂದೆ ಅದೇ ಚಿತ್ರಕ್ಕೆ ರಾಷ್ಟ್ರಮಟ್ಟದ ಶ್ರೇಷ್ಠ ಪ್ರಶಸ್ತಿ ಬಂದಿತು. ಕಲಾವಿದನು ಮಠಮಾನ್ಯಗಳ ಕಡೆ ಬೆರಳು ತೋರಿದಾಗ ಕಾವಿ ತೊಟ್ಟವರೂ ಸಿಡಿಮಿಡಿಗೊಳ್ಳದೆ ಕೇಳಬೇಕು. ತಪ್ಪಿದ್ದರೆ ತಿದ್ದಿಕೊಳ್ಳಬೇಕು, ಇಲ್ಲದಿದ್ದರೆ ಮಾತಿಗೆ ಮಾತಿನಿಂದಲೇ ಉತ್ತರಿಸಬೇಕು. ಒಂದು ಟೀಕೆಗೆ ಕುಸಿಯುವ ಧರ್ಮ ಧರ್ಮವೇ ಅಲ್ಲವೆಂಬುದು ನಮ್ಮ ದೃಢ ನಂಬಿಕೆ.

ಸತ್ತ ಮೇಲೆ ಹಾರ ಹಾಕುವುದು ಸುಲಭ. ಸತ್ಯ ನುಡಿದವನು ಒಂಟಿಯಾಗಿ ನಿಂತಾಗ ಪಕ್ಕದಲ್ಲಿ ನಿಲ್ಲುವುದು ಕಠಿಣ. ಆ ಕಠಿಣವಾದುದನ್ನು ಮಾಡುವ ಧೈರ್ಯ ಸದ್ಭಕ್ತರೆಲ್ಲರಲ್ಲಿ ಮೂಡಲೆಂದು ನಾವು ಹಾರೈಸುತ್ತೇವೆ.