ಸೈಕಲ್ ಸಂಗತಿ 7 | ಭಾರ ಸೈಕಲ್ ಹೊರಲಿ, ಬೆನ್ನು ಬಿಡಿ

ಸೈಕಲ್ಲಲ್ಲಿ ಆಫೀಸಿಗೆ ಹೋಗೋಕೆ ಶುರು ಮಾಡಿದವರು ಮೊದಲು ಕೇಳೋ ಪ್ರಶ್ನೆ: "ಯಾವ ಬ್ಯಾಗ್ ತಗೊಳ್ಳಲಿ?"

ನನ್ನ ಉತ್ತರ ಕೇಳಿ ಕೆಲವರಿಗೆ ಬೇಜಾರಾಗುತ್ತೆ. ಬ್ಯಾಗ್ ಆಮೇಲೆ ತಗೊಳ್ಳಿ, ಮೊದಲು ಕ್ಯಾರಿಯರ್ ಹಾಕಿಸಿ.

ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಸೈಕಲ್ ಹೊಡೆಯೋದು ಎಷ್ಟು ರೂಢಿಯಾಗಿಬಿಟ್ಟಿದೆ ಅಂದ್ರೆ, ಬೇರೆ ದಾರಿ ಇದೆ ಅನ್ನೋದೇ ನಮಗೆ ಮರೆತುಹೋಗಿದೆ. ಆದರೆ ನಿಮ್ಮ ಬೀದಿಗೆ ಬರೋ ಹಾಲಿನವರನ್ನ ನೋಡಿ. ಕ್ಯಾನು ಕ್ಯಾರಿಯರಿನ ಎರಡೂ ಪಕ್ಕ ನೇತಾಡ್ತಿರುತ್ತೆ. ಪೇಪರ್ ಹಾಕೋ ಹುಡುಗ ಕಟ್ಟನ್ನ ಹಿಂದೆ ಕಟ್ಟಿರ್ತಾನೆ. ಸೊಪ್ಪು ಮಾರೋರು ಮಂಕರಿಯನ್ನ ಹಿಂದೆ ಬಿಗಿದಿರ್ತಾರೆ. ಸೈಕಲ್ಲಿಂದ ಹೊಟ್ಟೆ ಹೊರೆಯೋರು ಯಾರೂ ಭಾರವನ್ನ ಸುಮ್ಮನೆ ಬೆನ್ನಿಗೆ ಏರಿಸಲ್ಲ. ದಿನಾ ಹೊತ್ತು ಗೊತ್ತಿರೋರ ಬುದ್ಧಿ ಅದು.

⚖️ ಒಂದು ಸಲ ತೂಕ ಹಾಕಿ ನೋಡಿ

ಲ್ಯಾಪ್‌ಟಾಪ್ ಒಂದೂವರೆ ಕಿಲೋ. ಚಾರ್ಜರ್ ಅದರ ಜೊತೆ. ಒಂದು ಲೀಟರ್ ನೀರು ಅಂದ್ರೇನೇ ಒಂದು ಕಿಲೋ. ಊಟದ ಡಬ್ಬಿ, ಬದಲಾಯಿಸೋ ಬಟ್ಟೆ, ರೇನ್‌ಕೋಟ್, ಬೀಗ. ಎಲ್ಲಾ ಸೇರಿ ಸಲೀಸಾಗಿ ಐದು ಕಿಲೋ ದಾಟುತ್ತೆ. ಐದು ಕಿಲೋ ಅಕ್ಕಿ ಮೂಟೆ ಬೆನ್ನಿಗೆ ಕಟ್ಟಿಕೊಂಡು ಫ್ಲೈಓವರ್ ಹತ್ತಿ ಅಂದ್ರೆ ಹತ್ತುತ್ತೀರಾ? ಬ್ಯಾಗಿನ ಬ್ರ್ಯಾಂಡ್ ಚೆನ್ನಾಗಿದೆ ಅಂತ ಅದೇ ತೂಕ ಹಗುರ ಆಗಲ್ಲ.

ಸೈಕಲ್ ಮೇಲೆ ನೀವು ಮುಂದಕ್ಕೆ ಬಾಗಿ ಕೂತಿರ್ತೀರಿ. ಬೆನ್ನ ಮೇಲಿನ ಭಾರ ಸೊಂಟಕ್ಕೆ, ಸೀಟಿಗೆ, ಅಂಗೈಗೆ ಇಳಿಯುತ್ತೆ. ಗುಂಡಿ ಬಂದಾಗ ಪೆಡಲ್ ಮೇಲೆ ಸ್ವಲ್ಪ ಎದ್ದು ನಿಲ್ತೀರಲ್ಲ, ಆಗ ಆ ಭಾರವನ್ನೂ ಎತ್ತಿಕೊಂಡೇ ಏಳಬೇಕು. ಭಾರ ಎತ್ತರದಲ್ಲಿದ್ದಷ್ಟೂ ತಿರುವಲ್ಲಿ ಓಲಾಟ ಜಾಸ್ತಿ. ಬ್ಯಾಗ್ ಉದ್ದ ಇದ್ರೆ ಹೆಲ್ಮೆಟ್ಟಿನ ಹಿಂಭಾಗಕ್ಕೆ ತಾಗುತ್ತೆ. ಹಿಂದೆ ಬಸ್ ಬರ್ತಿದೆಯಾ ಅಂತ ಕತ್ತು ತಿರುಗಿಸಿ ನೋಡೋದೂ ಕಷ್ಟ. ನನ್ನ ಮಟ್ಟಿಗೆ ಬೆವರಿಗಿಂತ, ಬೆನ್ನುನೋವಿಗಿಂತ ದೊಡ್ಡ ವಿಷಯ ಇದು. ನಮ್ಮ ರಸ್ತೆಗಳಲ್ಲಿ ಹಿಂದೆ ನೋಡೋಕೆ ಆಗದೇ ಇರೋದು ಸಣ್ಣ ತೊಂದರೆ ಅಲ್ಲ.

ಇನ್ನೊಂದು. ನೀವು ಹಾಕಿರೋ ಹೊಳೆಯೋ ಜಾಕೆಟ್ಟನ್ನ ನಿಮ್ಮದೇ ಕಪ್ಪು ಬ್ಯಾಗು ಮುಚ್ಚಿಬಿಟ್ಟಿರುತ್ತೆ. ಸಂಜೆ ಏಳು ಗಂಟೆಗೆ ಹಿಂದಿನ ಗಾಡಿಯವರಿಗೆ ಕಾಣೋದು ಬ್ಯಾಗು ಮಾತ್ರ.

🎒 ಹಾಗಾದ್ರೆ ಬೆನ್ನಿಗೆ ಹಾಕೋದು ತಪ್ಪಾ?

ಎಲ್ಲರಿಗೂ ತಪ್ಪು ಅನ್ನಲ್ಲ. ಎರಡು ಮೂರು ಕಿಲೋಮೀಟರ್ ದೂರ, ಬ್ಯಾಗಲ್ಲಿ ಒಂದು ಪುಸ್ತಕ ಒಂದು ಡಬ್ಬಿ ಅಂದ್ರೆ ಯಾವುದಾದ್ರೂ ನಡೆಯುತ್ತೆ. ಕಾಡುದಾರಿಯಲ್ಲಿ ಕುಣಿಸಿಕೊಂಡು ಓಡಿಸೋರಿಗೆ, ದಿನಾ ಸೈಕಲ್ ಎತ್ತಿಕೊಂಡು ಮೂರು ಮಹಡಿ ಹತ್ತೋರಿಗೆ ಹಗುರವಾದ ಬೆನ್ನಿನ ಬ್ಯಾಗೇ ಅನುಕೂಲ. ಆದರೆ ಎದೆಗೆ, ಸೊಂಟಕ್ಕೆ ಪಟ್ಟಿ ಇರೋದನ್ನೇ ನೋಡಿ ತಗೊಳ್ಳಿ. ಪಟ್ಟಿ ಇದ್ರೆ ಬ್ಯಾಗ್ ಅತ್ತಿತ್ತ ಜಾರಲ್ಲ.

ಒಂದೇ ಭುಜಕ್ಕೆ ಹಾಕೋ ಬ್ಯಾಗು, ಹೆಂಗಸರ ವ್ಯಾನಿಟಿ ಬ್ಯಾಗೂ ಸೇರಿ, ಸೈಕಲ್ಲಿಗೆ ಆಗಿಬರಲ್ಲ. ಬಾಗಿದ ತಕ್ಷಣ ಮುಂದಕ್ಕೆ ಜಾರಿ ಮೊಣಕಾಲಿಗೆ ಬಡಿಯುತ್ತೆ. ವಿದೇಶದ ಕೊರಿಯರ್ ಹುಡುಗರು ಹಾಕ್ತಾರಲ್ಲ ಅಂತೀರಾ? ಅವರು ದಿನಕ್ಕೆ ಹತ್ತಾರು ಕಡೆ ಇಳಿದು, ಬ್ಯಾಗ್ ಮುಂದಕ್ಕೆ ಎಳೆದು, ಲಕೋಟೆ ತೆಗೆದು ಕೊಡಬೇಕು. ಅವರ ಕೆಲಸಕ್ಕೆ ಅದು ಸರಿ. ನೀವು ಇಳಿಯೋದು ಆಫೀಸ್ ಗೇಟಲ್ಲಿ, ಒಂದೇ ಸಲ.

ಇನ್ನು ಕವರನ್ನ ಹ್ಯಾಂಡಲ್ಲಿಗೆ ನೇತುಹಾಕೋದು. ಇದನ್ನ ಮಾತ್ರ ದಯವಿಟ್ಟು ಬಿಟ್ಟುಬಿಡಿ. ಓಲಾಡಿ ಓಲಾಡಿ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಂಡ್ರೆ ಚಕ್ರ ಅಲ್ಲೇ ನಿಂತುಬಿಡುತ್ತೆ, ನೀವು ಹ್ಯಾಂಡಲ್ ದಾಟಿ ಮುಂದೆ ಬೀಳ್ತೀರಿ. ಎರಡು ಕಿಲೋ ಟೊಮೇಟೊಗೆ ಹಲ್ಲು ಕೊಡಬೇಡಿ.

🔧 ಕ್ಯಾರಿಯರ್ ವಿಷಯ

"ನನ್ನದು ಗೇರ್ ಸೈಕಲ್, ಕ್ಯಾರಿಯರ್ ಇಲ್ಲ" ಅಂತ ತುಂಬಾ ಜನ ಹೇಳ್ತಾರೆ. ಗೇರ್ ಸೈಕಲ್ ಅಂದ್ರೆ ಕ್ಯಾರಿಯರ್ ಇರಬಾರದು ಅಂತ ಯಾರು ಹೇಳಿದ್ದು? ಕ್ಯಾರಿಯರ್ ಇಲ್ಲದೆ, ಮಡ್‌ಗಾರ್ಡ್ ಇಲ್ಲದೆ ಬೋಳು ಸೈಕಲ್ ಮಾರಿ, ಅದನ್ನೇ ಸ್ಟೈಲ್ ಅಂತ ನಂಬಿಸಿದ್ದಾರೆ. ದಿನಾ ಓಡಾಡೋಕೆ ಸೈಕಲ್ ತಗೊಳ್ಳೋರು ಅಂಗಡೀಲಿ ಬಗ್ಗಿ ಹಿಂದಿನ ಚಕ್ರದ ಅಚ್ಚಿನ ಹತ್ತಿರ, ಸೀಟಿನ ಕೆಳಗೆ ಕ್ಯಾರಿಯರ್ ಕೂರಿಸೋ ತೂತು ಇದೆಯಾ ನೋಡಿ. ಇದ್ರೆ ಅರ್ಧ ಸಮಸ್ಯೆ ಮುಗೀತು. ಡಿಸ್ಕ್ ಬ್ರೇಕ್ ಇದ್ರೆ ಅದಕ್ಕೆ ತಾಗದ ಹಾಗೆ ಮಾಡಿರೋ ಕ್ಯಾರಿಯರ್ ಕೇಳಿ.

ಫ್ರೇಮಿಗೆ ಬೋಲ್ಟ್ ಹಾಕಿ ಕೂರಿಸೋ ಕ್ಯಾರಿಯರ್ ಸಾಮಾನ್ಯವಾಗಿ 25 ಕಿಲೋ ತನಕ ತಡೆಯುತ್ತೆ. ಸೀಟಿನ ಕಂಬಿಗೆ ಮಾತ್ರ ಬಿಗಿಯೋದು ಅಷ್ಟು ತಡೆಯಲ್ಲ, ಭಾರ ಬಿದ್ರೆ ಪಕ್ಕಕ್ಕೆ ತಿರುಗುತ್ತೆ. ಕಾರ್ಬನ್ ಕಂಬಿ ಇದ್ರೆ ಅದನ್ನ ಬಿಗಿಯಲೇಬೇಡಿ. ಎಷ್ಟು ತೂಕ ಅಂತ ಅದರ ಮೇಲೇ ಬರೆದಿರುತ್ತೆ, ಓದಿ.

👜 ಈಗ ಬ್ಯಾಗ್

ಕ್ಯಾರಿಯರಿನ ಪಕ್ಕಕ್ಕೆ ಕೊಕ್ಕೆ ಹಾಕಿ ನೇತುಹಾಕೋ ಬ್ಯಾಗಿಗೆ ಪ್ಯಾನಿಯರ್ ಅಂತಾರೆ. ತಗೊಳ್ಳೋವಾಗ ನಾಲ್ಕು ವಿಷಯ ನೋಡಿ:

1. ಕೊಕ್ಕೆ ಗಟ್ಟಿ ಇರಲಿ. ಗುಂಡಿಗೆ ಹಾರಿ ಕಳಚಿಕೊಳ್ಳದ ಹಾಗೆ ಕೆಳಗೊಂದು ಹಿಡಿತವೂ ಬೇಕು.
2. ಪೆಡಲ್ ತುಳಿಯೋವಾಗ ಹಿಮ್ಮಡಿ ಬ್ಯಾಗಿಗೆ ತಾಗಬಾರದು. ಅಂಗಡೀಲೇ ಹಾಕಿ, ತುಳಿದು ನೋಡಿ.
3. ಬಾಯಿ ಸುರುಳಿ ಸುತ್ತಿ ಮುಚ್ಚೋ ಬ್ಯಾಗ್ ಮಳೆಗೆ ಒಳ್ಳೇದು. ಜಿಪ್ ಇರೋದಾದ್ರೆ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಇಡಿ. ಬೆನ್ನಿನ ಬ್ಯಾಗಿನ ಮಳೆ ಕವರ್ ಹೊರಗಡೆ ಮಾತ್ರ ಮುಚ್ಚುತ್ತೆ, ಕುತ್ತಿಗೆಯಿಂದ ಇಳಿಯೋ ನೀರು ಬೆನ್ನಿನ ಕಡೆಯಿಂದ ಒಳಗೆ ಹೋಗುತ್ತೆ.
4. ಬಣ್ಣ ಎದ್ದು ಕಾಣಲಿ. ಹಿಂದಿನ ಕೆಂಪು ದೀಪ, ರಿಫ್ಲೆಕ್ಟರ್ ಮುಚ್ಚಬಾರದು.

ಭಾರವಾದ ಸಾಮಾನು ತಳಕ್ಕೆ ಹಾಕಿ. ಜಾಸ್ತಿ ಇದ್ರೆ ಎರಡೂ ಪಕ್ಕ ಹಂಚಿ. ಲ್ಯಾಪ್‌ಟಾಪ್ ಅದುರುತ್ತೆ ಅನ್ನೋ ಭಯ ನ್ಯಾಯವಾದದ್ದೇ. ದಪ್ಪ ಸ್ಪಂಜಿನ ಚೀಲದಲ್ಲಿಟ್ಟು, ಸುತ್ತ ಬಟ್ಟೆ ತುರುಕಿ, ತಳಕ್ಕೆ ತಾಗದ ಹಾಗೆ ನಿಲ್ಲಿಸಿ. ಇದಕ್ಕೂ ಕಷ್ಟಗಳಿವೆ. ಹಿಂದೆ ಭಾರ ಇದ್ರೆ ಸೈಡ್ ಸ್ಟ್ಯಾಂಡಲ್ಲಿ ಸೈಕಲ್ ಮಗುಚುತ್ತೆ, ಕಿರಿದಾದ ಸಂದಿಯಲ್ಲಿ ನುಗ್ಗೋಕೆ ಆಗಲ್ಲ, ಬ್ಯಾಗನ್ನ ಬಿಚ್ಚಿಕೊಂಡೇ ಒಳಗೆ ಹೋಗಬೇಕು. ಇಷ್ಟಿದ್ದೂ ಐದು ಕಿಲೋ, ಏಳೆಂಟು ಕಿಲೋಮೀಟರ್ ಲೆಕ್ಕ ಹಾಕಿದ್ರೆ ನನ್ನ ಓಟು ಪ್ಯಾನಿಯರಿಗೇ.

ದುಡ್ಡು ಜಾಸ್ತಿ ಅನ್ಸುತ್ತಾ? ಹಾಗಾದ್ರೆ ಈಗಿರೋ ಬ್ಯಾಗನ್ನೇ ಕ್ಯಾರಿಯರ್ ಮೇಲೆ ಮಲಗಿಸಿ, ಹಳೇ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಕಟ್ಟಿ. ಪಂಕ್ಚರ್ ಅಂಗಡೀಲಿ ಕೇಳಿದ್ರೆ ಟ್ಯೂಬು ಸಿಗುತ್ತೆ. ಕೊಕ್ಕೆ ಇರೋ ಎಲಾಸ್ಟಿಕ್ ಹಗ್ಗಕ್ಕಿಂತ ನನಗೆ ಇದರ ಮೇಲೇ ನಂಬಿಕೆ. ಆ ಕೊಕ್ಕೆ ಕೈಜಾರಿ ಚಿಮ್ಮಿದ್ರೆ ಕಣ್ಣಿಗೆ ಅಪಾಯ. ಬ್ಯಾಗಿನ ಉದ್ದ ಪಟ್ಟಿಗಳನ್ನ ಒಳಗೆ ಸಿಕ್ಕಿಸೋದು ಮರೀಬೇಡಿ. ನೇತಾಡಿದ್ರೆ ಕಡ್ಡಿಗೆ ಸಿಕ್ಕುತ್ತೆ.

🏫 ಕೊನೇ ಮಾತು, ಮನೇಲಿ ಮಕ್ಕಳಿರೋರಿಗೆ

ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿತು. ಹಳ್ಳಿಯಿಂದ ಹೈಸ್ಕೂಲಿಗೆ ಸೈಕಲ್ ತುಳಿದ ಹೆಣ್ಣುಮಕ್ಕಳ ಸಾಲು ನೀವೂ ನೋಡಿರ್ತೀರಿ. ಶಾಲೆ ಬ್ಯಾಗಿನ ತೂಕ ಮಗುವಿನ ತೂಕದ 10% ದಾಟಬಾರದು ಅಂತ 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಹೇಳುತ್ತೆ. ಅಂದ್ರೆ 35 ಕಿಲೋ ತೂಗೋ ಮಗುವಿಗೆ ಮೂರೂವರೆ ಕಿಲೋ. ನಿಮ್ಮ ಮಗುವಿನ ಬ್ಯಾಗನ್ನ ಇವತ್ತು ರಾತ್ರಿ ತೂಗಿ ನೋಡಿ.

ಸೈಕಲ್ಲಿಗೆ ಕ್ಯಾರಿಯರ್ ಇದ್ದೂ ಎಷ್ಟೋ ಮಕ್ಕಳು ಬ್ಯಾಗನ್ನ ಬೆನ್ನಿಗೇ ಹಾಕ್ಕೊಂಡು ಹೋಗ್ತಾರೆ. ಯಾಕೆ ಅಂತ ಬೈಯೋ ಮೊದಲು ಯೋಚಿಸಿ. ಹಿಂದೆ ಸಿಕ್ಕಿಸಿದ್ರೆ ಜಾರಿ ಬೀಳುತ್ತೆ, ಪುಸ್ತಕ ಕೆಸರಾದ್ರೆ ಮನೇಲೂ ಬೈಗುಳ, ಶಾಲೇಲೂ ಬೈಗುಳ. ಆ ಮಗುವಿಗೆ ಬೇಕಾಗಿರೋದು ಒಂದು ಗಟ್ಟಿ ಪಟ್ಟಿ, ಅದನ್ನ ಕಟ್ಟೋದು ಹೇಗೆ ಅಂತ ಒಂದು ಸಲ ಪಕ್ಕದಲ್ಲಿ ನಿಂತು ತೋರಿಸಿಕೊಡೋ ದೊಡ್ಡವರು. ಬ್ಯಾಗಿನ ತೂಕ ಇಳಿಸೋದು ಸರ್ಕಾರ, ಶಾಲೆಗಳ ಕೈಲಿದೆ. ಅದನ್ನ ಬೆನ್ನಿಂದ ಇಳಿಸೋದು ನಮ್ಮ ಕೈಲಿದೆ, ಅದೂ ಈ ಭಾನುವಾರವೇ.

ನಿಮ್ಮ ಬ್ಯಾಗ್ ಎಷ್ಟು ಕಿಲೋ ಬಂತು? ಕಾಮೆಂಟಲ್ಲಿ ಹಾಕಿ. ಸೈಕಲ್ಲಲ್ಲಿ ಶಾಲೆಗೆ ಹೋಗೋ ಮಕ್ಕಳಿರೋ ಮನೆಯವರಿಗೆ ಇದನ್ನ ಕಳಿಸಿ.

ಮುಂದಿನ ಕಂತು: ಮಳೆಗಾಲಕ್ಕೆ ಮಡ್‌ಗಾರ್ಡ್ ಯಾಕೆ ಬೇಕು 🌧️

#ಸೈಕಲ್‌ಸಂಗತಿ #ಸೈಕಲ್‌ಸವಾರಿ #ಕನ್ನಡದಲ್ಲಿ #ಬೆನ್ನುಬಿಡಿ